ಕಲ್ಯಾಣದ ನೆಲೆವೀಡು ಎಲ್ಲಿದೆ?

ಹುಮನಾಬಾದಿಗೆ ಬಂದ ಶಾಸನಾಸಕ್ತರು ಸಾಮಾನ್ಯವಾಗಿ ಜಲಸಂಗಿಗೆ ಹೋಗುತ್ತಾರೆ. ಅಲ್ಲಿನ ದೇವಾಲಯದ ಹೊರಗೋಡೆಯಲ್ಲಿ ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತ ನಿಂತ ಶಿಲಾಬಾಲಿಕೆಯ ಫೋಟೊ ತೆಗೆದುಕೊಳ್ಳುತ್ತಾರೆ. ಆಮೇಲೆ ಬರುವ ಪ್ರಶ್ನೆ ಒಂದೇ: "ಸಾರ್, ಇಂಥ ರಾಜನ ಅರಮನೆ ಎಲ್ಲಿದೆ?" ಬಸವಕಲ್ಯಾಣದ ಕೋಟೆ ತೋರಿಸಿ "ಇದೇ ನೋಡಿ" ಅಂದುಬಿಡುವುದು ಸುಲಭ. ಆದರೆ ಅದು ಸರಿಯಲ್ಲ.

ಶಾಸನಗಳಲ್ಲಿ ನಮಗೆ ಸಿಗುವ ಪದ ‘ನೆಲೆವೀಡು’. ಬೀಡು ಅಂದರೆ ಬಿಡಾರ, ಪಾಳೆಯ. ನೆಲೆ ಜೊತೆ ಸೇರಿದಾಗ ಸಂಧಿಯಲ್ಲಿ ಬಕಾರ ವಕಾರವಾಗುತ್ತದೆ. ರಾಜ ನೆಲೆಯಾಗಿ ನಿಂತ ಬಿಡಾರ ಎಂದಷ್ಟೇ ಅರ್ಥ. ಇಮ್ಮಡಿ ಜಯಸಿಂಹನಿಗೆ ಪೊಟ್ಟಲಕೆರೆಯೂ ನೆಲೆವೀಡಾಗಿತ್ತು. ಅವನ ಮಗ ಒಂದನೇ ಸೋಮೇಶ್ವರನ ಕಾಲಕ್ಕೆ ಕಲ್ಯಾಣ ಮುಂದೆ ಬಂತು. ಆರನೇ ವಿಕ್ರಮಾದಿತ್ಯನ (1076–1126) ಐವತ್ತು ವರ್ಷಗಳಲ್ಲಿ ನಾಡಿನ ಮೂಲೆಮೂಲೆಯ ಕಲ್ಲಿನಲ್ಲೂ ಆ ಹೆಸರು ಕೂತಿತು. ಕರಾವಳಿಯಲ್ಲಿ ಹಳೆಯ ಅರಸು ಮನೆತನಗಳ ಮನೆಗೆ ಇವತ್ತಿಗೂ ‘ಬೀಡು’ ಅಂತಲೇ ಹೇಳುತ್ತಾರೆ. ಫ್ರೆಂಚರು ಜಮೀನ್ದಾರನ ಹಳೇ ಮನೆಗೆ ಹೇಳುವ ‘ಮನ್ವಾರ್’ ಪದದ ಮೂಲದಲ್ಲೂ ‘ನೆಲೆಸು’ ಎಂಬ ಲ್ಯಾಟಿನ್ ಧಾತುವೇ ಇದೆ. ಅಂದರೆ ‘ಕಲ್ಯಾಣದ ನೆಲೆವೀಡು’ ಓದಿದ ಕೂಡಲೇ ಕಂಬ, ತೊಲೆ, ಮಹಡಿ ಕಲ್ಪಿಸಿಕೊಳ್ಳಬಾರದು. ಅದು ಮೊದಲು ಹೇಳುವುದು ಜಾಗವನ್ನು, ಕಟ್ಟಡವನ್ನಲ್ಲ.

ಹಾಗಾದರೆ ಕೋಟೆ ಯಾರದು? ಈಗ ಕಾಣುವ ಸುತ್ತುಗೋಡೆ, ಕಂದಕ, ಕಮಾನಿನ ಬಾಗಿಲುಗಳಲ್ಲಿ ಬಹುಪಾಲು ಬಹಮನಿಗಳ ಮತ್ತು ಅವರ ನಂತರದವರ ಕೆಲಸ. 1657ರಲ್ಲಿ ಔರಂಗಜೇಬ್ ಇದನ್ನು ಮುತ್ತಿ ಗೆದ್ದ. ನಿಜಾಮರ ಕಾಲದಲ್ಲಿ ಕಲ್ಯಾಣಿ ನವಾಬರ ಜಹಗೀರಾಯಿತು. ಒಳಗಿನ ರಾಜಮಹಲು, ಹೈದರಿ ಮಹಲುಗಳನ್ನು ಈ ನಂತರದ ಒಡೆಯರ ಲೆಕ್ಕಕ್ಕೇ ಹಾಕಬೇಕು. ಗಾರೆಯ ಕಮಾನು ಚಾಲುಕ್ಯ ಶಿಲ್ಪಿಯ ಪದ್ಧತಿಯಲ್ಲ. ಅವನದು ಕಂಬದ ಮೇಲೆ ತೊಲೆ ಇಡುವ ಲೆಕ್ಕಾಚಾರ. ಆ ಕಾಲದ ಕೆತ್ತನೆ ಕಲ್ಲುಗಳು ಕೋಟೆಯಲ್ಲಿವೆ, ನಿಜ, ಆದರೆ ಮರುಬಳಕೆಯಾಗಿ. ರಿಚರ್ಡ್ ಈಟನ್ ಮತ್ತು ಫಿಲಿಪ್ ವಾಗನರ್ ತಮ್ಮ 2014ರ ಪುಸ್ತಕದಲ್ಲಿ, ಹದಿನಾರನೇ ಶತಮಾನದ ಅರಸರು ಈ ಊರಿಗಾಗಿ ಕಾದಾಡಿದ್ದಕ್ಕೆ ಚಾಲುಕ್ಯರ ನೆನಪೂ ಒಂದು ಕಾರಣ ಎನ್ನುತ್ತಾರೆ. ನನಗೆ ಒಪ್ಪಿಗೆಯಾಗುವ ಮಾತು. ಹಳೆಯ ಕಲ್ಲು ಕಂಡಲ್ಲೆಲ್ಲ ‘ಒಡೆದು ಹಾಕಿದರು’ ಅನ್ನುವವರು 1326ರ, ಅಂದರೆ ಶಕ 1248ರ, ಕಲ್ಯಾಣದ ಸಂಸ್ಕೃತ ಶಾಸನವನ್ನು ಒಮ್ಮೆ ಓದಬೇಕು. ಮುಹಮ್ಮದ್ ಬಿನ್ ತುಘಲಕನ ಆಳ್ವಿಕೆಯದು ಅದು. ಗಲಭೆಯಲ್ಲಿ ಹಾಳಾಗಿದ್ದ ಮಧುಕೇಶ್ವರನ ಪೂಜೆ ಅವನ ಅಧಿಕಾರಿ ಖ್ವಾಜಾ ಅಹಮದನ ಒಪ್ಪಿಗೆಯಿಂದ ಮತ್ತೆ ಶುರುವಾದ ಸಂಗತಿ ಅಲ್ಲಿದೆ. ಪಿ. ಬಿ. ದೇಸಾಯಿಯವರು ಎಪಿಗ್ರಾಫಿಯಾ ಇಂಡಿಕಾದ 32ನೇ ಸಂಪುಟದಲ್ಲಿ ಇದನ್ನು ಪ್ರಕಟಿಸಿದ್ದಾರೆ.

ಕೋಟೆಗೆ ಹೋದರೆ ಒಳಗಿನ ವಸ್ತುಸಂಗ್ರಹಾಲಯ ಬಿಡಬೇಡಿ. ಆಮೇಲೆ ಗೋಡೆಯ ಬುಡದಿಂದ ನಿಧಾನಕ್ಕೆ ನೋಡುತ್ತ ಬನ್ನಿ: ಸುತ್ತಲಿನ ಕಲ್ಲಿಗೆ ಹೊಂದದ ಒಂದು ಬಳ್ಳಿಯ ಕೆತ್ತನೆಯೋ, ತಿರುಗಿಸಿ ಇಟ್ಟ ಕಂಬದ ತುಂಡೋ ಕಂಡರೆ, ಅದು ಈ ಕೋಟೆಗಿಂತ ಹಳೆಯದು.