ಮಾಮರಿ ಹಲಗೆಯ ತಿಂಗಳ ಲೆಕ್ಕ

ಓದಬಲ್ಲವನೊಬ್ಬನೂ ಉಳಿಯದ ಲಿಪಿಯಲ್ಲಿ ಏನು ಬರೆದಿದೆಯೆಂಬುದನ್ನು ಲೇಶಮಾತ್ರವಾದರೂ ಖಚಿತವಾಗಿ ಅರಿಯಬಹುದೇ? ಪ್ರಶಾಂತ ಸಾಗರದ ರಾಪಾ ನೂಯಿ ದ್ವೀಪದ ರೊಂಗೊರೊಂಗೊ ಬರವಣಿಗೆ ಈ ಪ್ರಶ್ನೆಯನ್ನು ವಿದ್ವಾಂಸರ ಮುಂದೆ ಒಂದೂವರೆ ಶತಮಾನದಿಂದ ಇಟ್ಟಿದೆ. ಅದರ ಒಂದು ಹಲಗೆಯಲ್ಲಿ ಎರಡು ಮೂರು ಸಾಲುಗಳಷ್ಟು ಭಾಗವು ಚಾಂದ್ರಮಾಸದ ಪಂಚಾಂಗವೆಂದು ಈಗ ಬಹುಮಂದಿ ಒಪ್ಪಿದ್ದಾರೆ. ಆ ಒಪ್ಪಿಗೆಗೆ ಆಧಾರವೇನು, ಆ ಆಧಾರವು ನಮ್ಮನ್ನು ಎಲ್ಲಿಯವರೆಗೆ ಒಯ್ಯಬಲ್ಲುದು ಎಂಬುದಷ್ಟೇ ಇಲ್ಲಿ ನಮ್ಮ ವಿಚಾರ.

ರಾಪಾ ನೂಯಿಯು ಚಿಲಿ ದೇಶದ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 3,500 ಕಿಲೋಮೀಟರು ದೂರದಲ್ಲಿ ಒಂಟಿಯಾಗಿ ನಿಂತಿರುವ ಕಿರುದ್ವೀಪ. 1722ರ ಈಸ್ಟರ್ ಹಬ್ಬದ ದಿನ ಡಚ್ ನಾವಿಕನಾದ ರೊಗ್ಗೆವೇನನು ಅದನ್ನು ಕಂಡುದರಿಂದ ಹೊರಜಗತ್ತು ಅದನ್ನು ಈಸ್ಟರ್ ದ್ವೀಪವೆಂದು ಕರೆಯಿತು. ಅಲ್ಲಿಯ ದೈತ್ಯ ಶಿಲಾಮೂರ್ತಿಗಳ ಚಿತ್ರವನ್ನು ನೋಡದ ವಾಚಕರು ವಿರಳ. ಆದರೆ ಮೂರ್ತಿಗಳಿಗಿಂತ ಹೆಚ್ಚಿನ ಒಗಟು ಮರದ ಹಲಗೆಗಳಲ್ಲಿದೆ. 1864ರಲ್ಲಿ ಯೂಜೀನ್ ಎರೊ ಎಂಬ ಫ್ರೆಂಚ್ ಮಿಶನರಿಯು ಅಲ್ಲಿಯ ಗುಡಿಸಲುಗಳಲ್ಲೆಲ್ಲ ಸಾಲುಸಾಲಾಗಿ ಚಿಹ್ನೆಗಳನ್ನು ಕೆತ್ತಿದ ಹಲಗೆಗಳನ್ನೂ ದಂಡಗಳನ್ನೂ ಕಂಡನು. ಮನೆಯವರು ಅವುಗಳ ವಿಷಯದಲ್ಲಿ ಅಷ್ಟಾಗಿ ಆಸ್ಥೆ ತೋರಲಿಲ್ಲವೆಂದೂ ಆತನು ಬರೆದಿಟ್ಟಿದ್ದಾನೆ.

ಈ ಅನಾಸ್ಥೆಗೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. 1862 ಮತ್ತು 1863ರಲ್ಲಿ ಪೆರು ದೇಶದ ಕಡೆಯ ಹಡಗುಗಳು ಬಂದು ದ್ವೀಪದ ಸಾವಿರಕ್ಕೂ ಮಿಕ್ಕಿದ ಜನರನ್ನು ಕೂಲಿಗಾಗಿ ಸೆರೆಹಿಡಿದು ಒಯ್ದಿದ್ದವು. ಹಲಗೆಗಳನ್ನು ಬಲ್ಲ ಪಂಡಿತವರ್ಗವೂ ಅವರಲ್ಲಿತ್ತು. ಹಿಂದಿರುಗಿದ ಕೆಲವರೇ ಜನರು ಸಿಡುಬನ್ನು ತಂದರು. 1877ರಲ್ಲಿ ಎಣಿಸಿದಾಗ ದ್ವೀಪದಲ್ಲಿ ಉಳಿದವರು ಕೇವಲ 111 ಮಂದಿ. ಎರೊ ಕಂಡುದು ಓದುಗರನ್ನು ಆಗತಾನೆ ಕಳೆದುಕೊಂಡ ಗ್ರಂಥಭಂಡಾರವನ್ನು.

1868ರಲ್ಲಿ ತಹಿತಿಯ ಬಿಷಪ್ ಜೊಸೆನ್‌ಗೆ ದ್ವೀಪದ ಭಕ್ತರು ತಲೆಗೂದಲಿನಿಂದ ಹೊಸೆದ ಉದ್ದನೆಯ ಹುರಿಯೊಂದನ್ನು ಕಾಣಿಕೆಯಾಗಿ ಕಳುಹಿಸಿದರು. ಆ ಹುರಿಯನ್ನು ಸುತ್ತಿದ್ದುದು ಒಂದು ಲಿಪಿಫಲಕಕ್ಕೆ! ಬಿಷಪ್ಪರು ಕಾಣಿಕೆಗಿಂತ ಅದರ ಸುರುಳಿಕಟ್ಟಿಗೆಯನ್ನೇ ದೊಡ್ಡದೆಂದು ತಿಳಿದು, ಉಳಿದ ಹಲಗೆಗಳನ್ನೂ ಹುಡುಕಿಸತೊಡಗಿದರು. ತಹಿತಿಯಲ್ಲಿ ಕೂಲಿಮಾಡುತ್ತಿದ್ದ ಮೆತೊರೊ ಎಂಬ ದ್ವೀಪವಾಸಿಯು ನಾಲ್ಕು ಹಲಗೆಗಳನ್ನು ಹಿಡಿದು ಹಾಡಿದನು, ಅವರು ಬರೆದುಕೊಂಡರು. ಆದರೆ ಹಾಡಿನಲ್ಲಿ ಅರ್ಥದ ಎಳೆ ಸಿಗಲಿಲ್ಲ. ಮೀನಿನ ಚಿತ್ರಕ್ಕೆ ಮೀನು, ಚಂದ್ರನ ಚಿತ್ರಕ್ಕೆ ಚಂದ್ರ ಎಂಬಂತೆ ಆತನು ಕಂಡುದನ್ನು ಹೆಸರಿಸುತ್ತಿದ್ದಂತೆ ತೋರುತ್ತದೆ. ಮೆತೊರೊನನ್ನು ವಂಚಕನೆಂದು ತಳ್ಳಿಹಾಕಿದವರುಂಟು. ನಮಗೆ ಅದು ನ್ಯಾಯವೆನಿಸುವುದಿಲ್ಲ. ಗುರುಗಳು ನಾಶವಾದ ಮೇಲೆ ಶಿಷ್ಯನೊಬ್ಬನನ್ನು ಆತನ ಕಲಿಕೆಗೆ ಮೀರಿ ಪರೀಕ್ಷಿಸಿದಂತಾಯಿತು.

ಇಂದು ಉಳಿದಿರುವ ಲಿಪಿಫಲಕಗಳೂ ವಸ್ತುಗಳೂ ಎಲ್ಲ ಸೇರಿ ಎರಡು ಡಜನಿನಷ್ಟು. ಅವುಗಳಲ್ಲಿ ಒಂದೂ ರಾಪಾ ನೂಯಿಯಲ್ಲಿಲ್ಲ. ಓದುವ ಕ್ರಮವೂ ವಿಚಿತ್ರ: ಒಂದು ಸಾಲು ಮುಗಿದೊಡನೆ ಹಲಗೆಯನ್ನು ತಲೆಕೆಳಗಾಗಿ ತಿರುಗಿಸಿ ಮುಂದಿನ ಸಾಲಿಗೆ ಹೋಗಬೇಕು. ಪಂಚಾಂಗವಿರುವುದು ಮಾಮರಿ ಎಂದು ಹೆಸರಾದ, ರೋಮಿಗೆ ಹೋಗಿ ಸೇರಿದ ಹಲಗೆಯಲ್ಲಿ. ಅದರ ಉದ್ದ 29 ಸೆಂಟಿಮೀಟರು, ಅಗಲ ಹತ್ತೊಂಬತ್ತೂವರೆ. ಒಂದೊಂದು ಮಗ್ಗುಲಲ್ಲಿ 14 ಸಾಲು, ಒಟ್ಟು ಸುಮಾರು ಸಾವಿರ ಚಿಹ್ನೆಗಳು. ಮರವು ನಮ್ಮ ಕರಾವಳಿಯವರಿಗೂ ಪರಿಚಿತವಾದ ಹೂವರಸಿ.

1958ರಲ್ಲಿ ಜರ್ಮನ್ ವಿದ್ವಾಂಸ ತೋಮಾಸ್ ಬಾರ್ಟೆಲ್ ಈ ಲಿಪಿಯ ಚಿಹ್ನೆಗಳನ್ನೆಲ್ಲ ಕ್ರಮವಾಗಿ ಪಟ್ಟಿಮಾಡಿ ಪ್ರಕಟಿಸಿದನು. ಮಾಮರಿಯ ಒಂದು ಮಗ್ಗುಲಲ್ಲಿ ಆರನೆಯ ಸಾಲಿನಿಂದ ಒಂಬತ್ತನೆಯ ಸಾಲಿನವರೆಗೆ ಬಿದಿಗೆಚಂದ್ರನ ಆಕಾರದ ಚಿಹ್ನೆಯು ಮೇಲಿಂದ ಮೇಲೆ ಬರುವುದನ್ನು ಕಂಡು, ಇದು ತಿಂಗಳ ರಾತ್ರಿಗಳ ಪಟ್ಟಿಯಿರಬೇಕೆಂದು ಸೂಚಿಸಿದವನೂ ಅವನೇ. 1990ರಲ್ಲಿ ಝಾಕ್ ಗೀ ಎಂಬ ಭಾಷಾಶಾಸ್ತ್ರಜ್ಞನು ಆ ಸೂಚನೆಯನ್ನು ಬಹಳ ಮುಂದಕ್ಕೆ ಒಯ್ದನು.

ಇದಕ್ಕೆ ಸಾಕ್ಷಿಯು ಬೇರೊಂದು ಕಡೆಯಿಂದ ಬಂದಿತೆಂಬುದೇ ಮುಖ್ಯ. ಹಲಗೆಯು ದ್ವೀಪವನ್ನು ಬಿಟ್ಟುಹೋದ ಮೇಲೆ, 1886ರಲ್ಲಿ ಅಮೆರಿಕದ ನೌಕಾಧಿಕಾರಿ ಥಾಮ್ಸನ್, ಮತ್ತೆ 1934–35ರಲ್ಲಿ ಮೆಟ್ರೊ ಎಂಬ ಜನಾಂಗಶಾಸ್ತ್ರಜ್ಞನು ದ್ವೀಪದವರ ಬಾಯಿಂದ ತಿಂಗಳ ರಾತ್ರಿಗಳ ಹೆಸರುಗಳನ್ನು ಕೇಳಿ ಬರೆದುಕೊಂಡಿದ್ದರು. ಮೂಲತಃ 28 ರಾತ್ರಿಗಳು. ಬೇಕಾದಾಗ ಸೇರಿಸಲು ಹೋತು, ಹಿರೊ ಎಂಬ ಇನ್ನೆರಡು. ಹುಣ್ಣಿಮೆಗೆ ಓಮೊತೊಹಿ ಎಂದು ಹೆಸರು. ಅನೇಕ ರಾತ್ರಿಗಳಿಗೆ ಹೀಗೆ ಸ್ವಂತ ಹೆಸರುಗಳುಂಟು. ಆದರೆ ಎರಡು ಕಡೆ ಮಾತ್ರ ಹೆಸರಿನ ಬದಲು ಬರಿಯ ಎಣಿಕೆ: ಕೊಕೊರೆ ತಹಿ, ಕೊಕೊರೆ ರುವಾ, ಕೊಕೊರೆ ತೊರು, ಅಂದರೆ ಒಂದನೆಯ, ಎರಡನೆಯ, ಮೂರನೆಯ ಕೊಕೊರೆ. ಬಿದಿಗೆ, ತದಿಗೆ, ಚೌತಿ ಎಂದು ಎಣಿಸುವ ನಮಗೆ ಇದು ಹೊಸದಲ್ಲ. ಹುಣ್ಣಿಮೆಗೆ ಮುಂಚೆ ಇಂಥ ಕೊಕೊರೆಗಳು ಆರು, ಹುಣ್ಣಿಮೆಯ ನಂತರ ಐದು.

ಈಗ ಹಲಗೆಯನ್ನು ನೋಡಿರಿ. ಅಲ್ಲಿ ಏಳು ಬಿದಿಗೆಚಂದ್ರಗಳ ಪಕ್ಕದಲ್ಲಿ ಬೇರೆ ಚಿಹ್ನೆಗಳಿವೆ. ಎರಡು ಸ್ಥಳಗಳಲ್ಲಿ ಮಾತ್ರ ಚಂದ್ರಗಳು ಜೊತೆಗಾರರಿಲ್ಲದೆ ಸಾಲಾಗಿ ನಿಂತಿವೆ. ಒಂದೆಡೆ ಆರು, ಇನ್ನೊಂದೆಡೆ ಐದು! ಹೆಸರಿಲ್ಲದ ರಾತ್ರಿಗಳಿಗೆ ಸಂಗಾತಿ ಚಿಹ್ನೆಯೂ ಇಲ್ಲ. ಹೆಸರು ಹೇಳಿದವರು ಹಲಗೆಯನ್ನು ನೋಡಿರಲಿಲ್ಲ, ಹಲಗೆ ಕೆತ್ತಿದವನು ಅವರನ್ನು ನೋಡಿರಲಿಲ್ಲ. ಇಂಥ ಹೊಂದಾಣಿಕೆಯನ್ನು ಕಾಕತಾಳೀಯವೆಂದು ಹೇಳಲು ನಮಗೆ ಧೈರ್ಯ ಸಾಲದು.

ಚಂದ್ರಗಳ ನಡುವೆ ಒಂದೇ ಬಗೆಯ ಚಿಹ್ನೆಗಳ ಗುಂಪು ಮತ್ತೆ ಮತ್ತೆ ತಲೆಬರಹದಂತೆ ಬರುತ್ತದೆ. ಅದರ ಕೊನೆಯಲ್ಲಿ ದಾರಕ್ಕೆ ತೂಗಿದ ಮೀನು. ಹುಣ್ಣಿಮೆಗೆ ಮುಂಚೆ ಮೀನಿನ ತಲೆ ಮೇಲಕ್ಕೆ, ಅನಂತರ ಕೆಳಕ್ಕೆ. ಶುಕ್ಲಪಕ್ಷ ಕೃಷ್ಣಪಕ್ಷಗಳನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಹೇಗೆ? ಪೂರ್ಣಚಂದ್ರನ ಚಿಹ್ನೆಯಂತೂ ಮನೋಹರ. ನಾವು ಚಂದ್ರನಲ್ಲಿ ಮೊಲವನ್ನು ಕಾಣುವಂತೆ ಆ ದ್ವೀಪದವರು ನೆಲದೊಲೆಯನ್ನು ಹೊತ್ತಿಸುವ ಮುದುಕಿಯನ್ನು ಕಂಡಿದ್ದರು. ಹಲಗೆಯ ಚಿಹ್ನೆ ಆ ಮುದುಕಿಯೇ ಎಂದು ವಿದ್ವಾಂಸರು ಊಹಿಸುತ್ತಾರೆ.

ಗೀಯವರ ಇನ್ನೊಂದು ಊಹೆ ಗಹನವಾದುದು. ಚಾಂದ್ರಮಾಸವು ಇಪ್ಪತ್ತೊಂಬತ್ತೂವರೆ ದಿನಗಳಿಗೆ ತುಸು ಹೆಚ್ಚು; ಹೆಸರುಗಳು 28. ಆದುದರಿಂದ ಕೆಲವು ತಿಂಗಳಿಗೆ ಒಂದು, ಕೆಲವಕ್ಕೆ ಎರಡು ರಾತ್ರಿಗಳನ್ನು ಸೇರಿಸಲೇಬೇಕು. ಯಾವಾಗ? ಚಂದ್ರನು ಭೂಮಿಯಿಂದ ದೂರವಿದ್ದಾಗ ಕಿರಿದಾಗಿ ಕಾಣುತ್ತಾನೆ, ನಿಧಾನವಾಗಿಯೂ ಚಲಿಸುತ್ತಾನೆ. ಹಲಗೆಯಲ್ಲಿ ಕೆಲವೆಡೆ ಕಾಣುವ ಅರೆಗಾತ್ರದ ಚಂದ್ರಗಳು ಇದನ್ನೇ ಸೂಚಿಸುತ್ತವೆ, ತಲೆಬರಹಗಳು ‘ಬಿಂಬವನ್ನು ಗಮನಿಸು’ ಎಂಬ ಆದೇಶ, ಬಿಂಬ ಕಿರಿದಾಗಿದ್ದರೆ ರಾತ್ರಿಯನ್ನು ಸೇರಿಸು ಎಂಬುದು ಅದರ ತಾತ್ಪರ್ಯ ಎನ್ನುತ್ತಾರೆ ಅವರು. ಚಂದ್ರನ ಇದೇ ಮಂದಗತಿಯಿಂದಲೇ ನಮ್ಮ ಪಂಚಾಂಗಗಳಲ್ಲಿಯೂ ತಿಥಿಯು ಹಿಗ್ಗಿ ಎರಡು ಸೂರ್ಯೋದಯಗಳನ್ನು ಮುಟ್ಟುವುದುಂಟು. ಊಹೆಯು ಖಗೋಳದೃಷ್ಟಿಯಿಂದ ಸುಸಂಗತ. ಆದರೆ ಆರು-ಐದರ ಎಣಿಕೆಗೆ ಇರುವಂಥ ಹೊರಗಿನ ಸಾಕ್ಷಿ ಇದಕ್ಕಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು.

ತಕ್ಕಡಿಯನ್ನು ಮರೆತರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶಕ್ಕೇ ತಾಗಿದ ನಿದರ್ಶನವಿದೆ. 1932ರಲ್ಲಿ ಹೆವೆಶಿ ಎಂಬ ಹಂಗೇರಿಯನ್ ವಿದ್ವಾಂಸನು ಮೊಹೆಂಜೊದಾರೊ ಮುದ್ರೆಗಳ ಚಿಹ್ನೆಗಳನ್ನೂ ಈ ಹಲಗೆಗಳ ಚಿಹ್ನೆಗಳನ್ನೂ ಜೋಡಿಜೋಡಿಯಾಗಿ ಇಟ್ಟು, ಎರಡೂ ಒಂದೇ ಲಿಪಿಯೆಂದನು. ನಡುವೆ ಅರ್ಧ ಭೂಗೋಳ, ಮೂರು ಸಹಸ್ರಕ್ಕೂ ಮಿಕ್ಕಿದ ವರ್ಷಗಳು. ಕಣ್ಣಿಗೆ ಹೋಲಿಕೆ ಕಂಡಿತೇ ಹೊರತು, ಒಂದು ಚಿಹ್ನೆಯಾದರೂ ಓದಲು ಬರಲಿಲ್ಲ.

ಲಿಪಿಯ ವಯಸ್ಸೂ ವಿವಾದಗ್ರಸ್ತ. 1770ರಲ್ಲಿ ಸ್ಪೇನಿನವರು ದ್ವೀಪದ ಮುಖಂಡರಿಂದ ಒಂದು ಪತ್ರಕ್ಕೆ ಗುರುತು ಹಾಕಿಸಿದರು. ಬರೆಯುವ ಕಲ್ಪನೆ ಅಂದೇ ಮೂಡಿತೆಂದು ಕೆಲವರ ವಾದ. 2024ರಲ್ಲಿ ಪ್ರಕಟವಾದ ಕಾಲನಿರ್ಣಯದಂತೆ ರೋಮಿನ ನಾಲ್ಕು ಹಲಗೆಗಳಲ್ಲಿ ಮೂರರ ಮರ ಹತ್ತೊಂಬತ್ತನೆಯ ಶತಮಾನದ್ದು, ಒಂದರದು ಮಾತ್ರ ಹದಿನೈದನೆಯ ಶತಮಾನದ್ದು. ಆ ಒಂದು ಹಲಗೆ ದ್ವೀಪದವರ ಸ್ವತಂತ್ರ ಆವಿಷ್ಕಾರದ ಪಕ್ಷಕ್ಕೆ ಬಲ ಕೊಡುತ್ತದೆ. ಆದರೂ ಮರ ಕಡಿದ ದಿನವೇ ಕೆತ್ತಿದರೆಂಬ ನಿಯಮವಿಲ್ಲವಷ್ಟೆ.

ಪಂಚಾಂಗವೆಂದು ತಿಳಿದ ಮಾತ್ರಕ್ಕೆ ಲಿಪಿಯನ್ನು ಓದಿದಂತಾಗಲಿಲ್ಲ. ಏಳು ಚಂದ್ರಗಳ ಪಕ್ಕದ ಚಿಹ್ನೆಗಳಲ್ಲಿ ಕೆಲವಕ್ಕೆ ಗೀಯವರು ರಾತ್ರಿಗಳ ಹೆಸರಿನಿಂದ ಉಚ್ಚಾರವನ್ನು ಊಹಿಸಿದ್ದಾರೆ. ಆ ಕೀಲಿಯಿಂದ ಬೇರೆ ಹಲಗೆಗಳ ಬೀಗ ತೆರೆದಿಲ್ಲ. ಮಾಮರಿಯಲ್ಲಿಯೇ ಈ ಭಾಗದ ಹಿಂದೆ ಮುಂದೆ ಇರುವ ಇಪ್ಪತ್ತಕ್ಕೂ ಹೆಚ್ಚು ಸಾಲುಗಳು ಇಂದಿಗೂ ಅನೋದಿತ.