ಸಿಟ್ಟಿನ ಇಂಗ್ಲಿಷು ಮತ್ತು ಕಲ್ಯಾಣಪ್ಪನ ಕಾಟಕಾಯಿ

ಕ್ಲೈಂಟಿಗೆ ಸಿಟ್ಟು ಬಂದಾಗ ನಮ್ಮ ಟೀಮಿಗೆ ಬರುವ ಮೇಲ್‌ಗಳಲ್ಲಿ 'ಲಿವಿಡ್' ಅನ್ನೋ ಪದ ಆಗಾಗ ಕಾಣಿಸ್ತದೆ. ಮೊನ್ನೆ ಬಿಲ್ಡ್ ಮುಗಿಯೋದನ್ನ ಕಾಯ್ತಾ ಕೂತಿದ್ದವನು ಸುಮ್ಮನೆ ಅದರ ಮೂಲ ಹುಡುಕಿದೆ. ಲ್ಯಾಟಿನ್ನಿನ 'ಲಿವಿಡಸ್'ನಿಂದ ಬಂದದ್ದು, ನೀಲಿಗಟ್ಟಿದ ಬಣ್ಣ ಅಂತ ಅರ್ಥ. ಪೆಟ್ಟು ಬಿದ್ದ ಕಡೆ ಚರ್ಮ ಆಗ್ತದಲ್ಲ, ಆ ಬಣ್ಣ. ನಮ್ಮಲ್ಲಿ ಸಿಟ್ಟು ಬಂದರೆ ಕಣ್ಣು ಕೆಂಪು, ಅವರಲ್ಲಿ ಮೈಯೇ ನೀಲಿ! :-)

ಒಂದು ಹುಡುಕಿದ ಮೇಲೆ ಬಿಡೋಕಾಗ್ತದಾ? 'ರೇಜ್' ಬಂದದ್ದು 'ರೇಬೀಸ್'ನಿಂದ. ಹೌದು, ಅದೇ ಹುಚ್ಚುನಾಯಿ ರೋಗದ ಹೆಸರು. 'ಕಾಲರ್' ಅಂದ್ರೆ ಗ್ರೀಕರ ಪಿತ್ತ. ನಾವೂ 'ಪಿತ್ತ ನೆತ್ತಿಗೇರಿತು' ಅಂತೀವಲ್ಲ, ಹಾಗೆ. 'ಬರ್ಸರ್ಕ್' ಹಳೇ ನಾರ್ಸ್ ಭಾಷೆಯದು, ಬಹುಶಃ 'ಕರಡಿ ಅಂಗಿ' ಅಂತ ಅರ್ಥ. ಮೈಮೇಲೆ ಆವೇಶ ಬಂದಂತೆ ಕಾದಾಡುವ ಯೋಧರ ಹೆಸರು. 'ಅಮೋಕ್' ಮಲಯ ಭಾಷೆಯಿಂದ ಪೋರ್ಚುಗೀಸರ ಕೈದಾಟಿ ಬಂತು.

ಎಲ್ಲವನ್ನೂ ಸಾಲಾಗಿ ಇಟ್ಟು ನೋಡಿದೆ. ಸಿಟ್ಟಾದವನು ರೋಗಿ, ನಾಯಿ, ಕರಡಿ, ಇಲ್ಲಾ ಹುಚ್ಚ. ಅವನಿಗೆ ಸಿಟ್ಟು ಯಾಕೆ ಬಂತು ಅಂತ ಒಂದು ಪದವೂ ಕೇಳೋದಿಲ್ಲ.

ಆಗ ನೆನಪಾದದ್ದು ನಮ್ಮೂರಿನ ಒಂದು ಪದ. ನಮ್ಮದು ಸುಳ್ಯ ತಾಲೂಕಿನ ಮರ್ಕಂಜ. ಚಿಕ್ಕಂದಿನಲ್ಲಿ ನಾವು ಮಕ್ಕಳು ಸೇರಿ ಮನೆ ರಂಪ ಮಾಡಿದಾಗ ಅಜ್ಜಿ "ಎಂತ ಕಾಟಕಾಯಿ ಇದು!" ಅಂತ ಗದರ್ತಿದ್ರು. ಕಾಟಕಾಯಿ ಅಂದ್ರೆ ಲೂಟಿ, ದಾಂಧಲೆ. 1837ರಲ್ಲಿ ನಮ್ಮ ಸೀಮೆಯ ರೈತರು ಕಂಪನಿ ಸರ್ಕಾರದ ವಿರುದ್ಧ ಎದ್ದದ್ದಕ್ಕೆ ಉಳಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'.

ನಡೆದದ್ದೇನು? 1834ರಲ್ಲಿ ಕಂಪನಿಯವರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ನುಂಗಿದರು. ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಹೋದವು. ರಾಜರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡಬಹುದಿತ್ತು. ಈಗ ನಗದೇ ಬೇಕು ಅಂದರು. ಘಟ್ಟದ ಬುಡದ ರೈತ ನಗದು ಎಲ್ಲಿಂದ ತರಬೇಕು? ಬೆಳೆಯನ್ನ ಸಿಕ್ಕಿದ ಬೆಲೆಗೆ ಮಾರಬೇಕು, ಇಲ್ಲಾ ಸಾಲ ಮಾಡಬೇಕು. ಸಾಲದ್ದಕ್ಕೆ ಉಪ್ಪು, ಹೊಗೆಸೊಪ್ಪು ಎರಡೂ ಕಂಪನಿಯ ಏಕಸ್ವಾಮ್ಯ.

ಮೂರೇ ವರ್ಷ. ಕೆದಂಬಾಡಿ ರಾಮಗೌಡ ಮತ್ತು ಸಂಗಡಿಗರು ಪುಟ್ಟಬಸಪ್ಪ ಎಂಬವನನ್ನು ಅರಸುಮನೆತನದ ಕಲ್ಯಾಣಸ್ವಾಮಿ ಅಂತ ಮುಂದಿಟ್ಟುಕೊಂಡು ಹೊರಟರು. ಬೆಳ್ಳಾರೆಯ ಖಜಾನೆ ವಶವಾಯ್ತು. 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅವರ ಬಾವುಟ ಏರಿತು. 13 ದಿನ ಮಂಗಳೂರು ಅವರ ಕೈಲಿತ್ತು ಅಂತಾರೆ. ಹೊರಗಿನಿಂದ ಕಂಪನಿ ಪಡೆ ಬಂದ ಮೇಲೆ ಎಲ್ಲ ಮುಗೀತು. ಕಲ್ಯಾಣಸ್ವಾಮಿಯನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಗುಡ್ಡೆಮನೆ ಅಪ್ಪಯ್ಯಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ನೇಣಿಗೆ ಹಾಕಿದರು.

ಇದಕ್ಕೆ ಇಂಗ್ಲಿಷಿನಲ್ಲಿ 'ರೆಬೆಲಿಯನ್' ಅಂದರು. ಆ ಪದದ ಬೇರು ನೋಡಿದರೆ ನಗು ಬರ್ತದೆ: ಲ್ಯಾಟಿನ್ನಿನಲ್ಲಿ 'ಬೆಲ್ಲಮ್' ಅಂದ್ರೆ ಯುದ್ಧ, 'ರೆ' ಅಂದ್ರೆ ಮತ್ತೆ. ಸೋತವರು ಮತ್ತೆ ಯುದ್ಧಕ್ಕೆ ನಿಲ್ಲೋದು. ಅಂದ್ರೆ ಇವರನ್ನು ನಾವು ಮೊದಲು ಗೆದ್ದುಕೊಂಡಿದ್ದೆವು ಅಂತ ಆ ಪದವೇ ಒಪ್ಪಿಕೊಳ್ತದೆ! ನಮ್ಮ 'ಕಾಟಕಾಯಿ'ಯಲ್ಲಿ ಅಷ್ಟೂ ಇಲ್ಲ. ಬರೀ ಲೂಟಿ. ಮಂಗಳೂರಲ್ಲಿ ಮನೆ, ಅಂಗಡಿ ಕಳಕೊಂಡವರಿಗೆ ಅದು ಲೂಟಿಯೇ ಆಗಿದ್ದಿರಬಹುದು, ಸುಳ್ಳೇನಲ್ಲ. ಆದರೆ ಗದ್ದೆ ಬಿಟ್ಟು ನಡೆದವನ ಕಥೆ ಆ ಪದದೊಳಗೆ ಹಿಡಿಯೋದಿಲ್ಲ.

ಕೊನೆಗೆ ಹುಡುಕಿದ್ದು ತೀರಾ ಸಾದಾ ಪದ, 'ಆಂಗರ್'. ಅದೂ ನಾರ್ಸ್ ಭಾಷೆಯದೇ. ಮೂಲ ಪದ 'ಆಂಗ್ರ್'. ಅದರ ಅರ್ಥ ಸಿಟ್ಟಲ್ಲ - ದುಃಖ, ಸಂಕಟ. ಇಂಗ್ಲಿಷಿಗೆ ಬಂದಮೇಲೆ ನಿಧಾನಕ್ಕೆ ಸಿಟ್ಟಾಯ್ತು.

ನಮ್ಮ ಸೀಮೆಯಲ್ಲಿ ಅದಕ್ಕೆ ಮೂರು ವರ್ಷ ಹಿಡೀತು, ಅಷ್ಟೆ.

ಬಾವುಟಗುಡ್ಡೆಯಲ್ಲಿ 2022ರಿಂದ ರಾಮಗೌಡರ ಪ್ರತಿಮೆ ಇದೆ. ಈಗ ನಾವು 'ಅಮರ ಸುಳ್ಯದ ಸ್ವಾತಂತ್ರ್ಯ ಸಮರ' ಅಂತೀವಿ. ಅಜ್ಜಿ ಮಾತ್ರ ಕೊನೇವರೆಗೂ ಕಾಟಕಾಯಿ ಅಂತಲೇ ಅಂದ್ರು. ಯಾರ ಸಿಟ್ಟಿಗೆ ಯಾರಿಟ್ಟ ಹೆಸರು ಅದು ಅಂತ ನಾನೂ ಅವರನ್ನ ಕೇಳಲಿಲ್ಲ. ನಿಮ್ಮೂರ ಕಡೆಯೂ ಇಂಥ ಪದ ಇದ್ದರೆ, ಹೇಳೋರು ಇರುವಾಗಲೇ ಕೇಳಿಟ್ಟುಕೊಳ್ಳಿ.