ಐರಿಷ್ ಜನರ ಚರಿತ್ರೆಗೆ ಧರ್ಮಕೇಂದ್ರದ ದಾಖಲೆಗಳ ಕೊಡುಗೆ

ಶತಮಾನೋತ್ಸವವು ಒಂದು ಧರ್ಮಕೇಂದ್ರಕ್ಕೆ ಕೃತಜ್ಞತೆಯ ಪರ್ವಕಾಲ. ನೂರು ವರ್ಷಗಳಲ್ಲಿ ದೇವರು ತೋರಿದ ಕರುಣೆಯನ್ನು ನೆನೆಯುವಾಗ ದೇವಾಲಯವನ್ನು ಕಟ್ಟಿಸಿದ ಗುರುಗಳನ್ನೂ ದಾನಿಗಳನ್ನೂ ನಾವು ಮೊದಲು ಸ್ಮರಿಸುತ್ತೇವೆ. ಅವರ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿರುತ್ತಾರೆ. ಆದರೆ ಕಲ್ಲು ಹೊತ್ತವರ, ಗಾರೆ ಕಲಸಿದವರ, ಭಾನುವಾರ ತಪ್ಪದೆ ದೂರದಿಂದ ನಡೆದು ಬಂದು ಬಲಿಪೂಜೆಯಲ್ಲಿ ಭಾಗವಹಿಸಿದವರ ಹೆಸರು ಎಲ್ಲಿದೆ? ಜ್ಞಾನಸ್ನಾನ, ವಿವಾಹ ಮತ್ತು ಮರಣಗಳ ದಾಖಲೆ ಪುಸ್ತಕಗಳಲ್ಲಿ ಮಾತ್ರ. ಈ ಪುಸ್ತಕಗಳ ಬೆಲೆಯನ್ನು ಬಹಳ ನೋವುಂಡು ಅರಿತವರು ಐರ್ಲೆಂಡಿನ ಜನ. ತಮ್ಮ ನಾಡಿನ ಚರಿತ್ರೆಯನ್ನೂ ದೇಶಾಂತರ ಹೋದ ತಮ್ಮವರ ಬಾಳನ್ನೂ ಕುರಿತು ಅಲ್ಲಿನ ವಿದ್ವಾಂಸರು ನಡೆಸಿರುವ ಸಂಶೋಧನೆಯಿಂದ ನಾವು ಕಲಿಯಬೇಕಾದುದು ಬಹಳವಿದೆ.

ಪರದೇಶದಲ್ಲಿ ಹುಟ್ಟಿದ ಸಂಶೋಧನೆ

ಐರಿಷ್ ಚರಿತ್ರೆಯ ಸಂಶೋಧನೆಗೆ ಪರದೇಶವಾಸದೊಡನೆ ಮೊದಲಿನಿಂದಲೂ ನಂಟಿದೆ. ಸ್ವದೇಶದಲ್ಲಿ ಕಥೋಲಿಕ ಧರ್ಮಕ್ಕೆ ಕಿರುಕುಳವಿದ್ದ ಕಾಲದಲ್ಲಿ, 1607ರಲ್ಲಿ, ಐರಿಷ್ ಫ್ರಾನ್ಸಿಸ್ಕನ್ ಸನ್ಯಾಸಿಗಳು ಇಂದಿನ ಬೆಲ್ಜಿಯಂ ದೇಶದ ಲೂವೇನ್ ನಗರದಲ್ಲಿ ಸಂತ ಅಂತೋಣಿಯವರ ಹೆಸರಿನ ವಿದ್ಯಾಪೀಠವನ್ನು ಸ್ಥಾಪಿಸಿದರು. ಅಲ್ಲಿಂದ 1626ರಲ್ಲಿ ಮೈಕೆಲ್ ಓಕ್ಲೆರಿ ಎಂಬ ಸಹೋದರರನ್ನು, ಸಂತರ ಚರಿತ್ರೆಗಳು ನಾಶವಾಗುವ ಮುನ್ನ ಪ್ರತಿ ಮಾಡಿ ತರಲೆಂದು ಐರ್ಲೆಂಡಿಗೆ ಕಳುಹಿಸಲಾಯಿತು. ಅವರು ಊರೂರು ಅಲೆದು ಹಳೆಯ ಹಸ್ತಪ್ರತಿಗಳನ್ನು ಹುಡುಕಿದರು. 1632ರಿಂದ 1636ರವರೆಗೆ ಸಂಗಡಿಗರೊಡನೆ ಕುಳಿತು, ‘ನಾಲ್ವರು ಪಂಡಿತರ ವಾರ್ಷಿಕ ವೃತ್ತಾಂತ’ವೆಂದು ಪ್ರಸಿದ್ಧವಾದ ಗ್ರಂಥವನ್ನು ಸಿದ್ಧಗೊಳಿಸಿದರು. ಇಂದು ಐರಿಷ್ ಚರಿತ್ರೆಯನ್ನು ಅಭ್ಯಸಿಸುವ ಸ್ನಾತಕೋತ್ತರ ವಿದ್ಯಾರ್ಥಿಯು ಈ ಬಡ ಸನ್ಯಾಸಿಯ ವಾರಸುದಾರನೇ ಸರಿ.

ವಿಶ್ವವಿದ್ಯಾಲಯಗಳಲ್ಲಿ ಈ ಅಧ್ಯಯನಕ್ಕೆ ಶಾಸ್ತ್ರೀಯ ಶಿಸ್ತನ್ನು ತಂದವರಲ್ಲಿ ಟಿ. ಡಬ್ಲ್ಯು. ಮೂಡಿ ಮತ್ತು ಆರ್. ಡಡ್ಲಿ ಎಡ್ವರ್ಡ್ಸ್ ಅಗ್ರಗಣ್ಯರು. ಲಂಡನ್ನಿನಲ್ಲಿ ಸಂಶೋಧನೆಯ ತರಬೇತಿ ಪಡೆದ ಈ ಇಬ್ಬರು ತರುಣ ವಿದ್ವಾಂಸರು 1938ರಲ್ಲಿ ‘ಐರಿಷ್ ಹಿಸ್ಟಾರಿಕಲ್ ಸ್ಟಡೀಸ್’ ಎಂಬ ನಿಯತಕಾಲಿಕವನ್ನು ಆರಂಭಿಸಿದರು. ಪಕ್ಷಾಭಿಮಾನಕ್ಕಿಂತ ದಾಖಲೆಯ ಪ್ರಮಾಣವೇ ಮುಖ್ಯವೆಂಬುದು ಅವರ ನಿಲುವು. ಮುಂದೆ 1965ರಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿಯೂ 1988ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿಯೂ ಐರಿಷ್ ಅಧ್ಯಯನ ಸಂಸ್ಥೆಗಳು ಸ್ಥಾಪನೆಗೊಂಡವು.

ಕ್ಷಾಮ ಮತ್ತು ವಲಸೆ

ಐರಿಷರು ಲೋಕದ ನಾನಾ ಭಾಗಗಳಿಗೆ ಚದುರಿಹೋದುದಕ್ಕೆ ಮುಖ್ಯ ಕಾರಣ 1845ರಿಂದ 1852ರವರೆಗಿನ ಮಹಾಕ್ಷಾಮ. ಬಡವರ ಏಕೈಕ ಆಹಾರವಾಗಿದ್ದ ಆಲೂಗಡ್ಡೆಯ ಬೆಳೆ ರೋಗ ತಗುಲಿ ನೆಲದಲ್ಲಿಯೇ ಕೊಳೆತುಹೋಯಿತು. ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ಮಡಿದರು. ಹತ್ತು ಲಕ್ಷಕ್ಕೂ ಮಿಕ್ಕಿದವರು ಹಡಗು ಹತ್ತಿದರು. 1841ರಲ್ಲಿ 81 ಲಕ್ಷ ದಾಟಿದ್ದ ಜನಸಂಖ್ಯೆ 1851ರ ಹೊತ್ತಿಗೆ ಸುಮಾರು 65 ಲಕ್ಷಕ್ಕೆ ಇಳಿಯಿತು.

ಕೆನಡಾದ ಕ್ವಿಬೆಕ್ ಸಮೀಪದ ಗ್ರೋಸ್ ಈಲ್ ಎಂಬ ದ್ವೀಪದಲ್ಲಿ ರೋಗಪೀಡಿತ ವಲಸಿಗರನ್ನು ಇಳಿಸಿ ಇರಿಸಿಕೊಳ್ಳುತ್ತಿದ್ದರು. 1847ರ ಒಂದೇ ವರ್ಷದಲ್ಲಿ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರನ್ನು ಮಣ್ಣು ಮಾಡಲಾಯಿತು. ಅವರಿಗೆ ಅಂತ್ಯಸಂಸ್ಕಾರಗಳನ್ನು ನೀಡಲು ಹೋದ ಗುರುಗಳಲ್ಲಿಯೂ ಹಲವರು ಜ್ವರಕ್ಕೆ ಬಲಿಯಾದರು. ಅದೇ ವರ್ಷ ಅಕ್ಟೋಬರ್ 1ರಂದು ಟೊರೊಂಟೊ ನಗರದ ಪ್ರಥಮ ಧರ್ಮಾಧ್ಯಕ್ಷರಾದ ಮೈಕೆಲ್ ಪವರ್ ಅವರು ವಲಸಿಗರ ಸೇವೆಯಲ್ಲಿಯೇ ಸೋಂಕು ತಗುಲಿ ದೈವಾಧೀನರಾದರು. ತಬ್ಬಲಿಗಳಾದ ಮಕ್ಕಳನ್ನು ಫ್ರೆಂಚ್ ಮಾತನಾಡುವ ಕಥೋಲಿಕ ಕುಟುಂಬಗಳು ತಮ್ಮ ಮಡಿಲಿಗೆ ತೆಗೆದುಕೊಂಡವು. ಆ ಮಕ್ಕಳಲ್ಲಿ ಅನೇಕರು ತಮ್ಮ ಐರಿಷ್ ಮನೆತನದ ಹೆಸರನ್ನು ಉಳಿಸಿಕೊಂಡರು. ಭಾಷೆ ಮರೆತರೂ ಹೆಸರು ಉಳಿಯಿತು. ಹೆಸರು ಉಳಿದುದರಿಂದ ಬೇರು ಸಿಕ್ಕಿತು.

ಸುಟ್ಟುದು ಯಾವುದು, ಉಳಿದುದು ಯಾವುದು

ಇಂತಹ ಜನರ ಚರಿತ್ರೆಯನ್ನು ಬರೆಯಲು ಹೊರಟವರಿಗೆ ದೊಡ್ಡ ಅಡಚಣೆಯೊಂದು ಎದುರಾಯಿತು. 1922ರ ಜೂನ್ 30ರಂದು ಅಂತರ್ಯುದ್ಧದ ಆರಂಭದ ದಿನಗಳಲ್ಲಿ ಡಬ್ಲಿನ್ ನಗರದ ಸಾರ್ವಜನಿಕ ದಾಖಲೆಗಳ ಭಂಡಾರವು ಸ್ಫೋಟ ಮತ್ತು ಬೆಂಕಿಗೆ ಆಹುತಿಯಾಯಿತು. ಏಳು ಶತಮಾನಗಳ ಕಾಗದಪತ್ರಗಳು ಬೂದಿಯಾದವು. 1821ರಿಂದ 1851ರವರೆಗಿನ ಜನಗಣತಿಯ ಹಾಳೆಗಳಲ್ಲಿ ಅಲ್ಪಸ್ವಲ್ಪ ಮಾತ್ರ ಉಳಿದವು. ಅನಂತರದ ನಾಲ್ಕು ಗಣತಿಗಳ ಹಾಳೆಗಳನ್ನು ಸರಕಾರವೇ ಅದಕ್ಕೂ ಮೊದಲು ನಾಶಗೊಳಿಸಿತ್ತು. ಹಿಂದೆ ರಾಜಮನ್ನಣೆ ಪಡೆದಿದ್ದ ಪ್ರೊಟೆಸ್ಟಂಟ್ ಸಭೆಯ ನೂರಾರು ದಾಖಲೆ ಪುಸ್ತಕಗಳನ್ನು ಭದ್ರತೆಗೆಂದು ಆ ಭಂಡಾರಕ್ಕೆ ಒಪ್ಪಿಸಲಾಗಿತ್ತು; ಅವೂ ಉರಿದುಹೋದವು.

ಕಥೋಲಿಕರ ದಾಖಲೆಗಳು ಮಾತ್ರ ಉಳಿದವು. ಅವುಗಳನ್ನು ಸರಕಾರವು ಕೇಳಿರಲಿಲ್ಲ. ಅವು ಹಳ್ಳಿಹಳ್ಳಿಯ ಗುರುನಿವಾಸಗಳ ಕಪಾಟುಗಳಲ್ಲಿ ಧೂಳು ಹಿಡಿದು ಕುಳಿತಿದ್ದವು. ದಂಡನೆಯ ಕಾನೂನುಗಳ ಕಾಲದಲ್ಲಿ ದಾಖಲೆಯಿಡುವುದೇ ಕಷ್ಟವಾಗಿದ್ದುದರಿಂದ ಅನೇಕ ಧರ್ಮಕೇಂದ್ರಗಳಲ್ಲಿ ಈ ಪುಸ್ತಕಗಳು ಆರಂಭವಾಗುವುದು ಹತ್ತೊಂಬತ್ತನೆಯ ಶತಮಾನದಲ್ಲಿ. ಆದರೂ ಕ್ಷಾಮಕ್ಕೆ ಹಿಂದಿನ ಬಡವರ ಹೆಸರುಗಳಿಗೆ ಇವುಗಳಿಗಿಂತ ದೊಡ್ಡ ಆಧಾರವಿಲ್ಲ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಇವುಗಳನ್ನು ಮೈಕ್ರೋಫಿಲ್ಮ್ ಮಾಡಿಸಿತು. 2015ರಲ್ಲಿ 3,70,000ಕ್ಕೂ ಹೆಚ್ಚು ಪುಟಚಿತ್ರಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ಸುಟ್ಟುಹೋದ ಭಂಡಾರವನ್ನು ಬೇರೆಡೆಗಳಲ್ಲಿ ಸಿಕ್ಕ ಪ್ರತಿಗಳಿಂದ ಮರಳಿ ಕಟ್ಟುವ ಕಾರ್ಯವನ್ನು ವಿದ್ವಾಂಸರು ಕೈಗೊಂಡು, ಬೆಂಕಿಯ ಶತಮಾನದ ವರ್ಷವಾದ 2022ರಲ್ಲಿ ಅದರ ಫಲವನ್ನು ಲೋಕಾರ್ಪಣೆ ಮಾಡಿದರು.

ಹೆಸರಿನ ಜಾಡು ಹಿಡಿದು

ಸಂಶೋಧಕನ ಕೆಲಸ ಹೇಗೆ ಸಾಗುತ್ತದೆಂಬುದನ್ನು ತುಸು ನೋಡೋಣ. ಹಡಗಿನ ಪಟ್ಟಿಗಳಲ್ಲಿ ಸಾಮಾನ್ಯವಾಗಿ ವಲಸಿಗನ ಊರಿನ ಹೆಸರಿರುವುದಿಲ್ಲ. ‘ಐರ್ಲೆಂಡ್’ ಎಂದಷ್ಟೇ ಇರುತ್ತದೆ. ಆದರೆ ಬಾಸ್ಟನ್ ನಗರದ ‘ಪೈಲಟ್’ ಎಂಬ ಕಥೋಲಿಕ ಪತ್ರಿಕೆಯು 1831ರಿಂದ 1921ರವರೆಗೆ, ಕಳೆದುಹೋದ ಬಂಧುಗಳನ್ನು ಹುಡುಕುವವರ ಪ್ರಕಟಣೆಗಳನ್ನು ಅಚ್ಚು ಹಾಕುತ್ತ ಬಂದಿತು. ಅಣ್ಣನನ್ನು ತಂಗಿ, ಗಂಡನನ್ನು ಹೆಂಡತಿ ಹುಡುಕುವ ಆ ಸಾಲುಗಳಲ್ಲಿ ಜಿಲ್ಲೆ, ಧರ್ಮಕೇಂದ್ರ, ಹೊರಟ ವರ್ಷಗಳು ನಮೂದಾಗಿವೆ. 1850ರಲ್ಲಿ ನ್ಯೂಯಾರ್ಕಿನಲ್ಲಿ ವಲಸಿಗರಿಗೆಂದು ಆರಂಭವಾದ ಉಳಿತಾಯದ ಬ್ಯಾಂಕಿನ ಪುಸ್ತಕಗಳಲ್ಲಿಯೂ ಖಾತೆದಾರರ ಹುಟ್ಟೂರು, ಬಂದ ಹಡಗು, ತಂದೆತಾಯಿಗಳ ವಿವರಗಳು ದೊರೆಯುತ್ತವೆ.

ಊರು ತಿಳಿದ ಮೇಲೆ ಅಲ್ಲಿನ ಜ್ಞಾನಸ್ನಾನದ ಪುಸ್ತಕವನ್ನು ತೆರೆಯಬೇಕು. ಒಂದೇ ಊರಿನಲ್ಲಿ ಪ್ಯಾಟ್ರಿಕ್ ಮರ್ಫಿಗಳು ಹಲವರಿದ್ದರೆ ನಮ್ಮವನು ಯಾರು? ಆಗ ನೆರವಿಗೆ ಬರುವುದು ಜ್ಞಾನ ತಂದೆ, ಜ್ಞಾನ ತಾಯಿಯರ ಹೆಸರು. ಅವರು ಸಾಮಾನ್ಯವಾಗಿ ಮಗುವಿನ ಸೋದರಮಾವನೋ ಚಿಕ್ಕಮ್ಮನೋ ನೆರೆಮನೆಯವರೋ ಆಗಿರುತ್ತಿದ್ದರು. ಗುರುಗಳು ಅವಸರದಲ್ಲಿ ಬರೆಯದೆ ಬಿಟ್ಟ ಒಂದು ಹೆಸರಿನಿಂದ ಇಡೀ ಸಂಸಾರವೊಂದರ ಜಾಡು ತಪ್ಪಿಹೋದೀತು!

ಕಾಗದಗಳೂ ಹೀಗೆಯೇ. ಕರ್ಬಿ ಮಿಲ್ಲರ್ ಎಂಬ ಅಮೆರಿಕದ ಚರಿತ್ರಕಾರರು ವಲಸಿಗರು ಮನೆಗೆ ಬರೆದ ಸಾವಿರಾರು ಪತ್ರಗಳನ್ನು ಓದಿ 1985ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದರು. ಅಮೆರಿಕ ಸೇರಿದ ಐರಿಷರು ತಮ್ಮನ್ನು ಭಾಗ್ಯವನ್ನರಸಿ ಬಂದವರೆಂದಲ್ಲ, ಗಡೀಪಾರಾದವರೆಂದು ಭಾವಿಸಿದ್ದರೆಂಬುದು ಅವರ ವಾದ. ಡೇವಿಡ್ ಫಿಟ್ಸ್‌ಪ್ಯಾಟ್ರಿಕ್ ಅವರು 1994ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದವರ ಪತ್ರಗಳನ್ನು ಅಭ್ಯಸಿಸಿ ಅಂತಹುದೇ ಮಹತ್ವದ ಕೃತಿ ನೀಡಿದರು. ಹಳೆಯ ಪೆಟ್ಟಿಗೆಗಳ ತಳದಲ್ಲಿ ಮನೆಯವರು ಕಾಪಾಡಿದ ಕಾಗದಗಳಿಲ್ಲದಿದ್ದರೆ ಈ ಗ್ರಂಥಗಳೇ ಇರುತ್ತಿರಲಿಲ್ಲ.

ನಮ್ಮ ನಾಡಿನ ನಂಟು

ಐರಿಷರ ಹಾದಿ ನಮ್ಮ ನಾಡನ್ನೂ ಮುಟ್ಟಿದೆ. 1830ರಲ್ಲಿ ಬ್ರಿಟಿಷ್ ಸೈನ್ಯದ ಸಿಪಾಯಿಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಐರಿಷರು. ಬೆಂಗಳೂರಿನ ದಂಡು ಪ್ರದೇಶದಲ್ಲಿ 1840ರ ದಶಕದಲ್ಲಿ ಎದ್ದ ದೇವಾಲಯಕ್ಕೆ ಐರ್ಲೆಂಡಿನ ಪಾಲಕ ಸಂತ ಪ್ಯಾಟ್ರಿಕರ ಹೆಸರು ಬಂದುದು ಇದಕ್ಕೆ ಸಾಕ್ಷಿ. 1834ರಿಂದ ಮದ್ರಾಸಿನ ಕಥೋಲಿಕ ಪ್ರಾಂತ್ಯವು ಡೇನಿಯಲ್ ಓಕಾನರ್, ಜಾನ್ ಫೆನೆಲ್ಲಿ ಮೊದಲಾದ ಐರಿಷ್ ಧರ್ಮಾಧ್ಯಕ್ಷರ ಆಡಳಿತದಲ್ಲಿತ್ತು. ಬಳ್ಳಾರಿ ಸೀಮೆಯೂ ಅದಕ್ಕೆ ಸೇರಿತ್ತು. ಆ ಸಿಪಾಯಿಗಳ ಮತ್ತು ಅವರ ಮಕ್ಕಳ ಕುರಿತು ಸಂಶೋಧನೆ ಮಾಡುವವರಿಗೆ ಲಂಡನ್ನಿನಲ್ಲಿರುವ ಸರಕಾರಿ ಪ್ರತಿಗಳಷ್ಟೇ ಸಾಲವು. ಅವುಗಳಲ್ಲಿ ಕಥೋಲಿಕರ ವಿವರ ಅಪೂರ್ಣ. ಮೂಲವಿರುವುದು ಇಲ್ಲಿನ ದೇವಾಲಯಗಳಲ್ಲಿ.

ಸತ್ಯಕ್ಕೆ ಅಂಜದ ಧರ್ಮಸಭೆ

ದಾಖಲೆಯು ಹಿತವಾದುದನ್ನಷ್ಟೇ ಹೇಳುವುದಿಲ್ಲ. ಅವಿವಾಹಿತ ತಾಯಂದಿರನ್ನೂ ಅವರ ಶಿಶುಗಳನ್ನೂ ಇರಿಸಿದ್ದ ಐರ್ಲೆಂಡಿನ ಆಶ್ರಯಗೃಹಗಳ ಬಗೆಗೆ ಸರಕಾರ ನೇಮಿಸಿದ ಆಯೋಗದ ವರದಿ 2021ರಲ್ಲಿ ಹೊರಬಂದಿತು. ವಿಚಾರಣೆಗೊಳಗಾದ 18 ಸಂಸ್ಥೆಗಳಲ್ಲಿ ಸುಮಾರು 9,000 ಮಕ್ಕಳು ಸತ್ತಿದ್ದರು. ಅವುಗಳಲ್ಲಿ ಹಲವನ್ನು ನಡೆಸಿದವರು ನಮ್ಮ ಧರ್ಮಸಭೆಯ ಸನ್ಯಾಸಿನಿಯರೇ. ಇದನ್ನು ಓದಿ ತಲೆತಗ್ಗಿಸದ ಕಥೋಲಿಕನಿಲ್ಲ. ಆದರೆ ಅಲ್ಲಿಂದ ದತ್ತು ಹೋಗಿ, ಮುಪ್ಪಿನಲ್ಲಿಯೂ ಹೆತ್ತವಳ ಹೆಸರು ಕೇಳಿಕೊಂಡು ಬರುವವರಿಗೆ ಉತ್ತರ ಸಿಗಬೇಕಾದುದು ಅದೇ ಹಳೆಯ ಪುಸ್ತಕಗಳಲ್ಲಿ. 1881ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ವ್ಯಾಟಿಕನ್ನಿನ ದಾಖಲೆ ಭಂಡಾರವನ್ನು ವಿದ್ವಾಂಸರಿಗೆ ತೆರೆದರು. ಸತ್ಯಕ್ಕೆ ಧರ್ಮಸಭೆಯು ಅಂಜಬೇಕಾಗಿಲ್ಲವೆಂಬುದಕ್ಕೆ ಅದೇ ಮಾದರಿ.

ಪ್ರಿಯ ವಿಶ್ವಾಸಿಗಳೇ, ನಮ್ಮ ಧರ್ಮಕೇಂದ್ರದ ಹಳೆಯ ಪುಸ್ತಕಗಳಿಗೂ ಗೆದ್ದಲು, ತೇವ, ಅಲಕ್ಷ್ಯಗಳೆಂಬ ಶತ್ರುಗಳುಂಟು. ಅವುಗಳನ್ನು ಒಣಗಿದ ಭದ್ರ ಸ್ಥಳದಲ್ಲಿ ಇರಿಸೋಣ. ಗುರುಗಳ ಅಪ್ಪಣೆ ಪಡೆದು ಪುಟಪುಟದ ಛಾಯಾಚಿತ್ರ ತೆಗೆಸಿ ಇನ್ನೊಂದು ಪ್ರತಿಯನ್ನು ಬೇರೊಂದೆಡೆ ಕಾಯ್ದಿಡೋಣ. ಹಿರಿಯರು ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಓದೋಣ. ಒಳ್ಳೆಯ ಕುರಿಗಾಹಿಯು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಶುಭಸಂದೇಶವು ಸಾರುತ್ತದೆ. ಆ ಹೆಸರುಗಳನ್ನು ಕಾಪಾಡಿ ಮುಂದಿನ ನೂರು ವರ್ಷದವರ ಕೈಗೆ ಒಪ್ಪಿಸುವುದು, ದೇವಾಲಯದ ಗೋಡೆಗೆ ಸುಣ್ಣ ಬಳಿಸುವಷ್ಟೇ ಪವಿತ್ರವಾದ ಸೇವೆಯೆಂದು ನಾವು ನಂಬಿದ್ದೇವೆ.